ಹನ್ನೊಂದನೇ ದಿನ ಯಾವ ಕಾಗದಕ್ಕೂ ಸಹಿ ಹಾಕಬೇಡಿ

ನಾನು ತಿಪಟೂರಿನಲ್ಲಿ ವಕೀಲೆ. ಆಸ್ತಿ ಪಾಲು, ಖಾತೆ ತಕರಾರು, ಅಪಘಾತದ ಪರಿಹಾರ, ಹೆಚ್ಚಾಗಿ ಇಂಥ ಕೇಸುಗಳೇ ನನ್ನ ಹತ್ತಿರ ಬರುತ್ತವೆ. ಅಂದರೆ ನನ್ನ ಮೇಜಿನ ಮುಂದೆ ಕೂರುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಮನೆಯಲ್ಲಿ ಯಾರನ್ನೋ ಕಳೆದುಕೊಂಡು ಬಂದವರು. ಈ ಬರಹ ಅವರಿಗಾಗಿ. ಅವರ ಫೈಲು ಹಿಡಿದು ಕೂರುವ ಹೊಸ ವಕೀಲರಿಗಾಗಿಯೂ ಹೌದು.

ನಾನು ಹೇಳಬೇಕೆಂದಿರುವುದು ಇಷ್ಟೇ. ಸಾವಾದ ಮನೆಯಲ್ಲಿ ಕೆಲವು ಕೆಲಸಕ್ಕೆ ಗಡುವು ಇರುತ್ತದೆ, ಕೆಲವಕ್ಕೆ ಇರುವುದಿಲ್ಲ. ಗಡುವು ಇರುವುದನ್ನು ಅಳುತ್ತಲೇ ಆದರೂ ಮಾಡಿ ಮುಗಿಸಬೇಕು. ಗಡುವು ಇಲ್ಲದ ಕಾಗದಕ್ಕೆ ಯಾರು ಎಷ್ಟೇ ಅವಸರ ಮಾಡಿದರೂ ಪೆನ್ನು ಮುಟ್ಟಬಾರದು. ಇದು ನನಗೆ ಓದಿನಿಂದ ಗೊತ್ತಿತ್ತು. ಮನಸ್ಸಿಗೆ ನಾಟಿದ್ದು 2019ರಲ್ಲಿ.

ನಮ್ಮನೆಯವರೂ ವಕೀಲರೇ. ಒಂದೇ ಆಫೀಸು, ಎರಡು ಮೇಜು, ಒಬ್ಬನೇ ಗುಮಾಸ್ತ. ಆ ವರ್ಷ ದೀಪಾವಳಿ ಕಳೆದ ಮೇಲೆ ತುಮಕೂರಿನ ಕೋರ್ಟಿನ ಕೆಲಸ ಮುಗಿಸಿ ಬೈಕಿನಲ್ಲಿ ವಾಪಸ್ ಬರುತ್ತಿದ್ದರು. ಗುಬ್ಬಿ ದಾಟಿ ಬಿ.ಎಚ್. ರಸ್ತೆಯಲ್ಲಿ ಹಿಂದಿನಿಂದ ಬಂದ ಲಾರಿ ಗುದ್ದಿತು. ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಮುಗಿದಿತ್ತು. ಅವರಿಗೆ 42 ವರ್ಷ. ಮಗಳು ಏಳನೇ ಕ್ಲಾಸು, ಮಗ ಮೂರನೇ ಕ್ಲಾಸು. ಮನೆಯಲ್ಲಿ ಅತ್ತೆ. ಮಾವ ಅದಕ್ಕೂ ಮೊದಲೇ ತೀರಿಕೊಂಡಿದ್ದರು.

ಶವಾಗಾರದ ಹೊರಗೆ ನಮ್ಮಣ್ಣ ನಿಂತಿದ್ದ. ಶವಪರೀಕ್ಷೆ ಇನ್ನೂ ಮುಗಿದಿರಲಿಲ್ಲ. ಅಪರಿಚಿತ ಒಬ್ಬರು ಬಂದು ಅವನ ಹೆಗಲ ಮೇಲೆ ಕೈ ಇಟ್ಟು, 'ಕ್ಲೇಮ್ ಮಾಡಿಸಿಕೊಡ್ತೀವಿ, ಖರ್ಚೆಲ್ಲ ನಮ್ಮದೇ, ಬಂದಿದ್ದರಲ್ಲಿ ಇಷ್ಟು ಪರ್ಸೆಂಟ್ ಕೊಡಿ ಸಾಕು. ಯಜಮಾನಿಯವರ ಒಂದು ಸಹಿ ಬೇಕು' ಎಂದು ಖಾಲಿ ವಕಾಲತ್ತು, ಅಂದರೆ ಕೇಸು ನಡೆಸಲು ವಕೀಲರಿಗೆ ಅಧಿಕಾರ ಕೊಡುವ ಕಾಗದ, ಚಾಚಿದರು. ತೀರಿಕೊಂಡವರೂ ವಕೀಲರು, ಯಜಮಾನಿಯೂ ವಕೀಲೆ ಎಂದು ಅವರಿಗೆ ಗೊತ್ತಿರಲಿಲ್ಲ. ಅಣ್ಣ ಕಾಗದ ಮಡಚಿ ವಾಪಸ್ ಕೊಟ್ಟ. ನಾನು ಆಚೆ ಬೆಂಚಿನ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದೆ. ಆ ಹೊತ್ತಿನಲ್ಲಿ ನನ್ನ ಮುಂದೆ ಯಾವ ಕಾಗದ ಇಟ್ಟಿದ್ದರೂ ಸಹಿ ಹಾಕಿಬಿಡುತ್ತಿದ್ದೆನೋ ಏನೋ. ಹದಿನೈದು ವರ್ಷಕ್ಕೂ ಮೇಲೆ ಕಾನೂನಿನಲ್ಲೇ ಬದುಕಿದವಳಿಗೇ ಹೀಗೆ ಅನ್ನಿಸಿದರೆ, ಓದಲು ಬಾರದ ಹೆಂಗಸಿನ ಪಾಡೇನು?

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಪರಿಹಾರದಲ್ಲಿ ಇಷ್ಟು ಪಾಲು ಎಂದು ಫೀಸು ಮಾತಾಡಿಕೊಳ್ಳುವುದನ್ನು ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮಗಳೇ ನಿಷೇಧಿಸಿವೆ. ಯಾರಾದರೂ ಪರ್ಸೆಂಟ್ ಲೆಕ್ಕ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಫೀಸು ಕೊಡಲು ಆಗದಿದ್ದರೆ ಪ್ರತಿ ತಾಲ್ಲೂಕು ಕೋರ್ಟಿನಲ್ಲೂ ಕಾನೂನು ಸೇವಾ ಸಮಿತಿ ಇದೆ. 1987ರ ಕಾಯ್ದೆಯ ಪ್ರಕಾರ ಹೆಂಗಸರಿಗೆ ಅಲ್ಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಹೆಂಗಸರಾದರೆ ಸಾಕು, ಆದಾಯ ಎಷ್ಟು ಅಂತ ಕೇಳುವ ಹಾಗಿಲ್ಲ.

ಹನ್ನೊಂದನೇ ದಿನದ ತಿಥಿ ಮುಗಿಯಿತು. ಊಟವಾಗಿ ಎಲೆ ಎತ್ತಿದ ಮೇಲೆ ನೆಂಟರಲ್ಲಿ ಹಿರಿಯರೊಬ್ಬರು ಜಗಲಿ ಮೇಲೆ ಕೂತು ಮಾತು ತೆಗೆದರು. ನಮ್ಮನೆಯವರು ತಮ್ಮ ಸಂಪಾದನೆಯಲ್ಲೇ ಕೊಂಡ ಸಣ್ಣ ತೆಂಗಿನ ತೋಟ ಇತ್ತು. 'ಎಲ್ಲರೂ ಇಲ್ಲೇ ಇದ್ದೀರಿ. ಅಜ್ಜಿ ಒಂದು ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಬಿಡಲಿ. ತೋಟ ಸೊಸೆ, ಮಕ್ಕಳ ಹೆಸರಿಗೆ ಬಂದುಬಿಟ್ಟರೆ ನಾಳೆ ತಾಪತ್ರಯ ಇರಲ್ಲ' ಎಂದರು. ಅವರ ಮಾತಿನಲ್ಲಿ ಕಪಟ ಇರಲಿಲ್ಲ. ನನಗೂ ಮಕ್ಕಳಿಗೂ ಒಳ್ಳೆಯದಾಗಲಿ ಎಂದೇ ಹೇಳಿದ್ದು.

ಮಗ ತೀರಿಕೊಂಡರೆ ತಾಯಿಗೂ ಪಾಲಿದೆ ಎಂದು ಬಹಳ ಜನಕ್ಕೆ ಗೊತ್ತಿರುವುದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಗಂಡಸು ವಿಲ್ ಬರೆಯದೆ ಸತ್ತರೆ ಅವನ ಸ್ವಂತ ಸಂಪಾದನೆಯ ಆಸ್ತಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ ಎಲ್ಲರಿಗೂ ಸಮನಾಗಿ ಹೋಗುತ್ತದೆ. ತಾಯಿ ಮೊದಲ ದರ್ಜೆಯ ವಾರಸುದಾರಳು. ತಂದೆ ಎರಡನೇ ದರ್ಜೆಯಲ್ಲಿ ಬರುತ್ತಾನೆ. ಹಾಗಾಗಿ ನಮ್ಮ ತೋಟದಲ್ಲಿ ನಾಲ್ಕು ಪಾಲು. ನನಗೊಂದು, ಮಕ್ಕಳಿಗೆ ಎರಡು, ಅತ್ತೆಗೊಂದು. ಪಿತ್ರಾರ್ಜಿತ ಆಸ್ತಿಯಾಗಿದ್ದರೆ ಲೆಕ್ಕ ಬೇರೆ ಆಗುತ್ತದೆ, ಅದನ್ನು ಇಲ್ಲಿ ಬಿಡಿಸಿ ಹೇಳಲು ಹೋಗುವುದಿಲ್ಲ.

ಆವತ್ತು ನಾನು ಅತ್ತೆಯ ಮುಖ ನೋಡಿದೆ. ಹೆತ್ತ ಮಗನಿಗೆ ಆಗಷ್ಟೇ ಎಡೆ ಇಟ್ಟು ಬಂದು ಗೋಡೆಗೆ ಒರಗಿ ಕೂತಿದ್ದರು. ಯಾರು ಏನು ಮಾತಾಡುತ್ತಿದ್ದಾರೆ ಅನ್ನುವುದೇ ಅವರಿಗೆ ತಿಳಿಯುತ್ತಿರಲಿಲ್ಲ. 'ಎಲ್ಲಿ ಒತ್ತಬೇಕು ಹೇಳವ್ವ' ಎಂದು ಎಡಗೈ ಮುಂದೆ ಚಾಚಿದರು. ಆ ಕೈಯನ್ನು ಹಿಡಿದುಕೊಂಡು ನಾನು ಹೇಳಿದೆ, 'ಇವತ್ತು ಬೇಡ ಅತ್ತೆ. ಈ ವರ್ಷ ಬೇಡ.' ಹಿರಿಯರಿಗೆ ಸ್ವಲ್ಪ ಬೇಜಾರಾಯಿತು. ಇರಲಿ.

ಯಾಕೆ ಇಷ್ಟು ಗಟ್ಟಿಯಾಗಿ ಹೇಳುತ್ತೇನೆಂದರೆ, ಇಂಥ ಹೆಬ್ಬೆಟ್ಟಿನ ಕೇಸುಗಳನ್ನು ನಾನು ಕೋರ್ಟಿನಲ್ಲಿ ನಡೆಸಿದ್ದೇನೆ. ಹಕ್ಕು ಬಿಡುಗಡೆ ಪತ್ರ ರಿಜಿಸ್ಟರ್ ಆಯಿತೆಂದರೆ ಅದನ್ನು ರದ್ದು ಮಾಡಿಸಲು ಸಿವಿಲ್ ದಾವೆ ಹಾಕಬೇಕು. ಮೋಸ ತಿಳಿದ ದಿನದಿಂದ ಮೂರು ವರ್ಷದೊಳಗೆ ಹಾಕಬೇಕು. 'ನನಗೆ ಓದಿ ಹೇಳಲಿಲ್ಲ', 'ದುಃಖದಲ್ಲಿದ್ದೆ' ಅನ್ನುವುದನ್ನು ಸಾಕ್ಷಿ ಕಟಕಟೆಯಲ್ಲಿ ನಿಂತು ಸಾಬೀತು ಮಾಡಬೇಕು. ಎದುರು ಪಕ್ಷದಲ್ಲಿ ಇರುವವರು ಸ್ವಂತ ಅಣ್ಣತಮ್ಮಂದಿರೋ, ಮೈದುನನೋ ಆಗಿರುತ್ತಾರೆ. ದಾವೆ ಗೆದ್ದರೂ ಸಂಬಂಧ ಉಳಿಯುವುದು ಕಷ್ಟ. ಒಂದು ವರ್ಷ ಕಾದಿದ್ದರೆ ಇದ್ಯಾವುದೂ ಬರುತ್ತಿರಲಿಲ್ಲ, ಅಲ್ವಾ? ಪಾಲು ಎಲ್ಲಿಗೂ ಓಡಿಹೋಗುವುದಿಲ್ಲ. ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಖಾತೆ ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಕೊಟ್ಟು, ವಂಶವೃಕ್ಷ ತೋರಿಸಿ, ಎಲ್ಲ ವಾರಸುದಾರರ ಹೆಸರನ್ನೂ ಜಂಟಿಯಾಗಿ ಪಹಣಿಯಲ್ಲಿ ಸೇರಿಸಿದರೆ ಸಾಕು. ನಾವೂ ಹಾಗೇ ಮಾಡಿದೆವು. ಇನ್ನೊಂದು ಮಾತು. ಮಕ್ಕಳು ಮೈನರ್ ಆಗಿದ್ದರೆ ಅವರ ಪಾಲನ್ನು ತಾಯಿಯೇ ಆದರೂ ಕೋರ್ಟಿನ ಅನುಮತಿ ಇಲ್ಲದೆ ಮಾರುವಂತಿಲ್ಲ. 'ಅಮ್ಮ ಸಹಿ ಹಾಕಿದರೆ ಆಯ್ತು' ಎನ್ನುವ ಬ್ರೋಕರ್‌ಗಳ ಮಾತು ನಂಬಬೇಡಿ.

ಇನ್ನು ಗಡುವು ಇರುವ ಕೆಲಸಗಳು. ಮರಣ ನೋಂದಣಿ 21 ದಿನದೊಳಗೆ ಆಗಬೇಕು. ತಡವಾದಷ್ಟೂ ಅಲೆದಾಟ ಜಾಸ್ತಿ. ತೀರಿಕೊಂಡವರ ಹೆಸರಿನಲ್ಲಿ ಯಾವುದಾದರೂ ಸಿವಿಲ್ ಕೇಸು ನಡೆಯುತ್ತಿದ್ದರೆ 90 ದಿನದೊಳಗೆ ವಾರಸುದಾರರನ್ನು ಕೇಸಿಗೆ ಸೇರಿಸಬೇಕು. ಇಲ್ಲದಿದ್ದರೆ ಅವರ ಮಟ್ಟಿಗೆ ಕೇಸು ಅಲ್ಲಿಗೇ ಬಿದ್ದುಹೋಗುತ್ತದೆ. ಇದನ್ನು ಮನೆಯವರು ಬಂದು ಹೇಳುವುದಿಲ್ಲ, ನಾವೇ ಕೇಳಬೇಕು. ವಾಹನ ಅಪಘಾತದ ಪರಿಹಾರ ಕೇಳುವ ಅರ್ಜಿಗೆ ನಮ್ಮ ಕಾಲಕ್ಕೆ ಗಡುವೇ ಇರಲಿಲ್ಲ. 2022ರ ಏಪ್ರಿಲ್ 1ರಿಂದ ಅಪಘಾತ ನಡೆದ ಆರು ತಿಂಗಳೊಳಗೆ ಹಾಕಬೇಕು ಎಂಬ ನಿಯಮ ಬಂದಿದೆ. ಅದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋಗಿವೆ. ಆದರೂ ಆ ನಂಬಿಕೆಯ ಮೇಲೆ ಕೂರಬೇಡಿ, ಆರು ತಿಂಗಳೊಳಗೇ ಹಾಕಿ. ಎಫ್‌ಐಆರ್, ಮಹಜರು, ಶವಪರೀಕ್ಷೆ ವರದಿ, ವಾಹನ ತಪಾಸಣೆ ವರದಿ, ಚಾರ್ಜ್‌ಶೀಟ್, ಇಷ್ಟರ ನಕಲು ಪೊಲೀಸ್ ಕಡೆಯಿಂದ ಬೇಕಾಗುತ್ತದೆ. ಗುದ್ದಿದ ವಾಹನ ಯಾವುದೆಂದೇ ಗೊತ್ತಾಗದಿದ್ದರೂ ಕೈಚೆಲ್ಲಬೇಡಿ. ಅಂಥ ಸಾವಿಗೆ ಕೇಂದ್ರದ ಯೋಜನೆಯಲ್ಲಿ 2 ಲಕ್ಷ ರೂಪಾಯಿ ಪರಿಹಾರ ಇದೆ.

ನನ್ನ ಕೇಸನ್ನು ನಾನು ನಡೆಸಲಿಲ್ಲ. ನಮ್ಮಿಬ್ಬರಿಗೂ ಕೆಲಸ ಕಲಿಸಿದ ಸೀನಿಯರ್ ಮನೆಗೆ ಬಂದು, 'ಆ ಫೈಲು ನನಗೆ ಕೊಡಮ್ಮಾ. ಅದನ್ನ ನೀನು ತೆರೆಯೋದೂ ಬೇಡ' ಎಂದು ತಾವೇ ತೆಗೆದುಕೊಂಡು ಹೋದರು. ಅವರು ಮಾಡಿದ್ದು ದೊಡ್ಡ ಉಪಕಾರ. ಶವಪರೀಕ್ಷೆ ವರದಿಯಲ್ಲಿ ಗಾಯಗಳ ಪಟ್ಟಿ ಇರುತ್ತದೆ. ಬೇರೆಯವರದ್ದಾದರೆ ಎಷ್ಟೋ ಓದಿದ್ದೇನೆ. ನಮ್ಮನೆಯವರದ್ದನ್ನು ಇವತ್ತಿಗೂ ಓದಿಲ್ಲ.

ಆದರೆ ಸಾಕ್ಷಿ ಹೇಳುವುದನ್ನು ತಪ್ಪಿಸಿಕೊಳ್ಳಲು ಆಗುವುದಿಲ್ಲ. ಒಂದನೇ ಅರ್ಜಿದಾರಳು ನಾನೇ. ವಿಮಾ ಕಂಪನಿ ಪರ ವಕೀಲರು ನಮಗೆ ಚೆನ್ನಾಗಿ ಬೇಕಾದವರು, ಕೋರ್ಟ್ ಕ್ಯಾಂಟೀನಿನಲ್ಲಿ ಎಷ್ಟೋ ಸಲ ಒಟ್ಟಿಗೆ ಕಾಫಿ ಕುಡಿದವರು. ಪಾಟಿ ಸವಾಲಿಗೆ ನಿಂತರು. ಅವರ ಕೆಲಸ ಅವರು ಮಾಡಲೇಬೇಕು. ಆದರೂ ಮೊದಲ ಪ್ರಶ್ನೆ ಕೇಳುವಾಗ ಅವರ ಕಣ್ಣು ಫೈಲಿನಲ್ಲೇ ಇತ್ತು.

'ನಿಮ್ಮ ಗಂಡ ಯಾವುದೇ ಸೂಚನೆ ಕೊಡದೆ ಬಲಕ್ಕೆ ತಿರುಗಿಸಿದ್ದರಿಂದಲೇ ಅಪಘಾತ ಆಯಿತು ಎಂದರೆ ಸರಿಯೇ?'

'ಸರಿಯಲ್ಲ.'

'ಹೆಲ್ಮೆಟ್ ಹಾಕಿರಲಿಲ್ಲ ಎಂದರೆ?'

'ಸರಿಯಲ್ಲ.'

'ನೀವೂ ವಕೀಲರು. ನಿಮ್ಮ ಗಂಡನ ಕಕ್ಷಿದಾರರೆಲ್ಲ ಈಗ ನಿಮ್ಮ ಬಳಿಗೇ ಬರುತ್ತಿದ್ದಾರೆ. ಅವರ ಸಾವಿನಿಂದ ನಿಮಗೆ ಯಾವ ಆದಾಯ ನಷ್ಟವೂ ಆಗಿಲ್ಲ ಎಂದರೆ ಸರಿಯೇ?'

ಕಾನೂನಿನ ದೃಷ್ಟಿಯಲ್ಲಿ ಒಳ್ಳೆಯ ಪ್ರಶ್ನೆ. ಅವರ ಜಾಗದಲ್ಲಿ ಯಾರಿದ್ದರೂ ಕೇಳುತ್ತಿದ್ದರು. ನನ್ನ ಬಾಯಿಂದ ಮಾತ್ರ ಉತ್ತರ ಹೊರಡಲಿಲ್ಲ. ಶಿರಸ್ತೇದಾರರು ನೀರು ತರಿಸಿದರು. ಸ್ವಲ್ಪ ಹೊತ್ತಾದ ಮೇಲೆ 'ಸರಿಯಲ್ಲ' ಎಂದೆ. ಟೈಪಿಸ್ಟ್ ಟೈಪ್ ಮಾಡಿಕೊಂಡರು. ಇವತ್ತು ಆ ಸಾಕ್ಷಿ ಹೇಳಿಕೆ ತೆಗೆದು ನೋಡಿದರೆ ಅದರಲ್ಲಿ ಪ್ರಶ್ನೆಗೂ ಉತ್ತರಕ್ಕೂ ನಡುವೆ ಏನೂ ಕಾಣುವುದಿಲ್ಲ. ಆಮೇಲಿಂದ ನನ್ನ ಕಕ್ಷಿದಾರರನ್ನು ಕಟಕಟೆಗೆ ಹತ್ತಿಸುವ ಹಿಂದಿನ ದಿನ ಆಫೀಸಿಗೆ ಕರೆಸಿ, ಎದುರು ವಕೀಲರು ಯಾವ ಯಾವ ಪ್ರಶ್ನೆ ಕೇಳಬಹುದು ಎಂದು ಒಂದೊಂದಾಗಿ ಹೇಳುತ್ತೇನೆ. ಉತ್ತರ ಹೇಳಿಕೊಡುವುದಿಲ್ಲ, ಹಾಗೆ ಮಾಡಬಾರದು. ಆದರೆ 'ನಿಮ್ಮ ಯಜಮಾನರು ಕುಡಿದಿದ್ದರು ಅಂತಾನೂ ಕೇಳ್ತಾರೆ, ಅದು ಅವರ ಕೆಲಸ, ಎದೆಗೆ ಹಚ್ಚಿಕೊಳ್ಳಬೇಡಿ' ಎಂದು ಮೊದಲೇ ಹೇಳಿದರೆ ಅವರು ನಾಳೆ ಕುಸಿಯುವುದಿಲ್ಲ. ಮನೆಯವರು ಯಾರಾದರೂ ಜೊತೆಗೆ ಬರಲಿ ಎಂದೂ ಹೇಳುತ್ತೇನೆ.

ಪರಿಹಾರದ ಲೆಕ್ಕ ಹೇಗೆ ಹಾಕುತ್ತಾರೆ ಎಂದು ಎಲ್ಲರೂ ಕೇಳುತ್ತಾರೆ. ಸುಪ್ರೀಂ ಕೋರ್ಟ್ 2009ರಲ್ಲಿ ಸರಳಾ ವರ್ಮಾ ಪ್ರಕರಣದಲ್ಲಿ, 2017ರಲ್ಲಿ ಪ್ರಣಯ್ ಸೇಥಿ ಪ್ರಕರಣದಲ್ಲಿ ಹಾಕಿಕೊಟ್ಟ ದಾರಿ ಇದೆ. ಉದಾಹರಣೆಗೆ 42 ವರ್ಷದ, ಸ್ವಂತ ಉದ್ಯೋಗದ ಮನುಷ್ಯನಿಗೆ ತಿಂಗಳಿಗೆ 20,000 ರೂಪಾಯಿ ಆದಾಯ ಎಂದಿಟ್ಟುಕೊಳ್ಳಿ. ಮುಂದೆ ಆದಾಯ ಹೆಚ್ಚುತ್ತಿತ್ತು ಎಂದು ಶೇ. 25 ಸೇರಿಸಿದರೆ 25,000. ನಾಲ್ಕು ಜನ ಅವಲಂಬಿತರಿದ್ದರೆ ಅವನ ಸ್ವಂತ ಖರ್ಚು ಎಂದು ಕಾಲು ಭಾಗ ಕಳೆಯುತ್ತಾರೆ, 18,750 ಉಳಿಯುತ್ತದೆ. ವರ್ಷಕ್ಕೆ 2,25,000. ಇದನ್ನು ವಯಸ್ಸಿಗೆ ತಕ್ಕಂತೆ ಗೊತ್ತುಮಾಡಿದ ಒಂದು ಗುಣಕದಿಂದ ಗುಣಿಸುತ್ತಾರೆ, ಆ ವಯಸ್ಸಿಗೆ ಅದು 14. ಅಲ್ಲಿಗೆ 31,50,000. ಇದರ ಮೇಲೆ ಸಾಂಗತ್ಯ ಕಳೆದುಕೊಂಡಿದ್ದಕ್ಕೆ, ಅಂತ್ಯಕ್ರಿಯೆಗೆ, ಆಸ್ತಿ ನಷ್ಟಕ್ಕೆ ಒಂದಿಷ್ಟು ಸೇರುತ್ತದೆ. ಸಾಂಗತ್ಯದ ಹಣ ಹೆಂಡತಿಗೆ ಮಾತ್ರ ಅಂತ ತಿಳಿಯಬೇಡಿ. 2018ರ ತೀರ್ಪಿನ ನಂತರ ಮಕ್ಕಳಿಗೂ, ತಂದೆತಾಯಿಗೂ ಇದೆ.

ಇಡೀ ಲೆಕ್ಕ ನಿಂತಿರುವುದು ಆ ಮೊದಲ ಅಂಕಿಯ ಮೇಲೆ. ಆದಾಯಕ್ಕೆ ದಾಖಲೆ ಇಲ್ಲದಿದ್ದರೆ ನಮ್ಮ ರಾಜ್ಯದ ಕೋರ್ಟುಗಳು ಕಾನೂನು ಸೇವಾ ಪ್ರಾಧಿಕಾರದ ಪಟ್ಟಿ ನೋಡಿ, ಆಯಾ ವರ್ಷಕ್ಕೆ ಇಷ್ಟು ಎಂದು ಅಂದಾಜು ಆದಾಯ ಹಿಡಿಯುತ್ತವೆ. ನಿಜವಾಗಿ ದುಡಿಯುತ್ತಿದ್ದುದಕ್ಕಿಂತ ಅದು ಎಷ್ಟೋ ಸಲ ಕಡಿಮೆ ಇರುತ್ತದೆ. ನಮ್ಮನೆಯವರು ಪ್ರತಿ ವರ್ಷ ತಪ್ಪದೆ ಆದಾಯ ತೆರಿಗೆ ರಿಟರ್ನ್ಸ್ ಹಾಕುತ್ತಿದ್ದರು. ಜೂನಿಯರ್‌ಗಳು 'ಇಷ್ಟು ಕಮ್ಮಿ ಆದಾಯಕ್ಕೆ ಯಾಕೆ ಸಾರ್' ಎಂದರೆ 'ಹಾಕಿಡ್ರಪ್ಪಾ, ಯಾವುದಕ್ಕಾದರೂ ಬರುತ್ತೆ' ಎನ್ನುತ್ತಿದ್ದರು. ಆ ಕಾಗದಗಳೇ ನಮ್ಮ ಮಕ್ಕಳನ್ನು ಕಾಪಾಡಿದವು. ತಾಲ್ಲೂಕು ಕೋರ್ಟಿನ ವಕೀಲರಿಗೆ ಪಿಎಫ್ ಇಲ್ಲ, ಪೆನ್ಷನ್ ಇಲ್ಲ. 1983ರ ಕಾಯ್ದೆಯಲ್ಲಿ ವಕೀಲರ ಕಲ್ಯಾಣ ನಿಧಿ ಇದೆ, ಅದಕ್ಕೂ ಸದಸ್ಯರಾಗಿದ್ದರೆ ಮಾತ್ರ ಹಣ ಬರುತ್ತದೆ. ಹೊಸಬರು ದಯವಿಟ್ಟು ಸದಸ್ಯರಾಗಿ, ರಿಟರ್ನ್ಸ್ ಹಾಕಿ.

ನಾಮಿನಿ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮದುವೆಗೆ ಮುಂಚೆ ಮಾಡಿಸಿದ ವಿಮಾ ಪಾಲಿಸಿಗೆ ಅಮ್ಮನ ಹೆಸರು ಕೊಟ್ಟು, ಆಮೇಲೆ ಬದಲಾಯಿಸದೆ ಬಿಟ್ಟವರು ತುಂಬಾ ಜನ. ಆ ಮನುಷ್ಯ ತೀರಿಕೊಂಡರೆ ಅತ್ತೆ ಸೊಸೆ ಕೋರ್ಟಿನಲ್ಲಿ ಎದುರುಬದುರು ನಿಲ್ಲುತ್ತಾರೆ. 2025ರಲ್ಲಿ ನಮ್ಮ ಹೈಕೋರ್ಟಿನ ಧಾರವಾಡ ಪೀಠದ ಮುಂದೆ ಇಂಥದ್ದೇ ಒಂದು ಕೇಸು ಬಂದಿತ್ತು. ನಾಮಿನಿ ಆದ ಮಾತ್ರಕ್ಕೆ ವಾರಸುದಾರರ ಹಕ್ಕು ಹೋಗುವುದಿಲ್ಲ ಎಂದು ಹೇಳಿ ತಾಯಿ, ಹೆಂಡತಿ, ಮಗು ಮೂವರಿಗೂ ಸಮಪಾಲು ಕೊಟ್ಟರು. ತೀರ್ಪು ನ್ಯಾಯವಾಗಿದೆ. ಆದರೆ ಒಂದು ಫಾರಂ ತುಂಬಿದ್ದರೆ ಆ ಮೂವರು ಹೈಕೋರ್ಟಿನವರೆಗೆ ಹೋಗಬೇಕಾಗಿರಲಿಲ್ಲ.

ಕೋರ್ಟಿಗೆ ಮರಳಿ ಹೋದ ದಿನಗಳ ಬಗ್ಗೆ ಹೇಳುವುದು ಸುಲಭವಲ್ಲ. ವಕೀಲರ ಡೈರಿಯಲ್ಲಿ ಮುಂದಿನ ತಾರೀಖುಗಳು ತಿಂಗಳುಗಟ್ಟಲೆ ಮುಂಚೆಯೇ ಬರೆದಿರುತ್ತವೆ. ಬೆಳಿಗ್ಗೆ ಅವರ ಡೈರಿ ತೆರೆದರೆ ಆವತ್ತಿನ ಕೇಸುಗಳು ಅವರ ಕೈಬರಹದಲ್ಲೇ ಇರುತ್ತಿದ್ದವು. ಪಕ್ಕದಲ್ಲಿ 'ಸಾಕ್ಷಿ ರೆಡಿ ಮಾಡು', 'ನಕಲು ಬಂತಾ ಕೇಳು' ಎಂದು ತಮಗೆ ತಾವೇ ಬರೆದುಕೊಂಡದ್ದು. ಕಕ್ಷಿದಾರರೋ ವಕೀಲರೋ ತೀರಿಕೊಂಡರೆ ಆ ವಕಾಲತ್ತು ಅಲ್ಲಿಗೆ ಮುಗಿಯುತ್ತದೆ. ಕೆಲವು ಕೇಸುಗಳಲ್ಲಿ ಇಬ್ಬರ ಹೆಸರಲ್ಲೂ ವಕಾಲತ್ತು ಇತ್ತು, ಅವು ನಡೆದವು. ಉಳಿದ ಕಕ್ಷಿದಾರರಿಗೆ ಗುಮಾಸ್ತ ಒಬ್ಬೊಬ್ಬರಿಗೇ ಫೋನ್ ಮಾಡಿದ. ಕೆಲವರು ಬಂದು ಹೊಸ ವಕಾಲತ್ತಿಗೆ ಸಹಿ ಹಾಕಿದರು. ಕೆಲವರು ಮಾತಾಡಿಸಲು ಬಂದವರಂತೆ ಕೂತು, ಕಾಫಿ ಕುಡಿದು, ಎದ್ದು ಹೋಗುವಾಗ ತಲೆ ತಗ್ಗಿಸಿ ಫೈಲು ಕೇಳಿದರು. ಕೊಟ್ಟೆ. ಫೈಲು ಕಕ್ಷಿದಾರರದು, ಅದರಲ್ಲಿ ಬೇಜಾರು ಮಾಡಿಕೊಳ್ಳುವಂಥದ್ದು ಏನಿಲ್ಲ.

ಅಷ್ಟರಲ್ಲಿ 2020ರ ಮಾರ್ಚ್ ಬಂತು, ಕೋರ್ಟೇ ಮುಚ್ಚಿತು. ಕೇಸು ನಡೆಯದಿದ್ದರೆ ನಮಗೆ ಫೀಸಿಲ್ಲ. ಆಗ ಮನೆ ನಡೆಸಿದ್ದು ಅತ್ತೆ. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡಲು ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ವರ್ಷ ಬಿಡುತ್ತೇವೆ. ಒಳಗೇ ನೀರು ಇಂಗಿ ಕಾಯಿ ಕೊಬ್ಬರಿಯಾಗುತ್ತದೆ. ನಮ್ಮನೆಯವರು ಇದ್ದಾಗ ಅಟ್ಟಕ್ಕೆ ಹಾಕಿಸಿದ್ದ ಕಾಯಿ ಅದು. ಅತ್ತೆ ಆಳು ಹಿಡಿದು ಸುಲಿಸಿದರು, ಒಡೆಸಿದರು, ಮಾರುಕಟ್ಟೆಗೆ ಕಳಿಸಿದರು, ಬಂದ ದುಡ್ಡನ್ನು ಎಣಿಸಿ ಮಕ್ಕಳ ಸ್ಕೂಲ್ ಫೀಸಿಗೆ ಎತ್ತಿಟ್ಟರು. ಹೆಬ್ಬೆಟ್ಟು ಒತ್ತಲು ಕೈ ಚಾಚಿದ್ದ ಅದೇ ಹೆಂಗಸು. ವರ್ಷ ಕಳೆದ ಮೇಲೆ ಒಂದು ದಿನ ನಾನೇ ಕೇಳಿದೆ, 'ಅತ್ತೆ, ನಿಮ್ಮ ಪಾಲು ಏನು ಮಾಡೋಣ?' ಅವರು ಯೋಚನೆ ಮಾಡಿಟ್ಟುಕೊಂಡೇ ಇದ್ದರು. 'ನನ್ನ ಹೆಸರಲ್ಲೇ ಇರಲಿ ಕಣವ್ವ. ಕೈಯಾಗೆ ನಾಕು ಕಾಸಿದ್ರೆ ಮೊಮ್ಮಕ್ಕಳಿಗೆ ನಾನೇ ಏನಾದ್ರೂ ಕೊಡಿಸ್ತೀನಿ. ನಿನ್ನ ಹತ್ರ ಕೇಳೋ ಹಂಗಾಗಬಾರದು.' ಪಹಣಿಯಲ್ಲಿ ಅವರ ಹೆಸರು ಇವತ್ತಿಗೂ ಇದೆ. ಹನ್ನೊಂದನೇ ದಿನ ಒತ್ತಿಸಿಕೊಂಡಿದ್ದರೆ ಈ ಮಾತು ನನಗೆ ಕೇಳಿಸುತ್ತಲೇ ಇರಲಿಲ್ಲ.

ನಮ್ಮ ಪರಿಹಾರದ ಆದೇಶ ತಡವಾಗಿ ಬಂತು. ಮಕ್ಕಳ ಪಾಲನ್ನು ಅವರಿಗೆ 18 ತುಂಬುವವರೆಗೆ ಬ್ಯಾಂಕಿನಲ್ಲಿ ಠೇವಣಿ ಇಡಲು ಕೋರ್ಟೇ ಹೇಳಿತು. ಎಲ್ಲ ಕೇಸಿನಲ್ಲೂ ಹೀಗೇ ಮಾಡುತ್ತಾರೆ, ಇದು ಒಳ್ಳೆಯ ಪದ್ಧತಿ.

ಈಗ ಸಾವಾದ ಮನೆಯವರು ಬಂದರೆ ಮೊದಲ ದಿನ ನಾನು ಗಡುವಿನ ಕೆಲಸಗಳನ್ನು ಮಾತ್ರ ಒಂದು ಹಾಳೆಯಲ್ಲಿ ಬರೆದು ಕೊಡುತ್ತೇನೆ. ಪಾಲಿನ ಮಾತು ಬಂದರೆ 'ವರ್ಷದ ತಿಥಿ ಆಗಲಿ, ಆಮೇಲೆ ಬನ್ನಿ' ಎನ್ನುತ್ತೇನೆ. ಇದರಿಂದ ಕೆಲವು ಕೇಸುಗಳು ಬೇರೆ ಆಫೀಸಿಗೆ ಹೋಗಿವೆ. ಹೋಗಲಿ.

ಹೋದ ವರ್ಷ ಒಬ್ಬಳು ಹೆಣ್ಣುಮಗಳನ್ನು ಅಣ್ಣಂದಿರು ಕರೆದುಕೊಂಡು ಬಂದರು. ಅಪ್ಪ ತೀರಿಕೊಂಡು ತಿಂಗಳೂ ಆಗಿರಲಿಲ್ಲ, ತಂಗಿಯಿಂದ ಹಕ್ಕು ಬಿಡುಗಡೆ ಬರೆಸಬೇಕಿತ್ತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಸಮಪಾಲು ಎಂದು 2005ರ ತಿದ್ದುಪಡಿ ಹೇಳುತ್ತದೆ, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಗಟ್ಟಿ ಮಾಡಿತು. ಅಣ್ಣಂದಿರ ಮುಂದೆಯೇ ಅವಳಿಗೆ ಇದನ್ನೆಲ್ಲ ಹೇಳಿ, ಅವಳಿಗೆ ಬೇರೆ ವಕೀಲರ ಸಲಹೆಯೂ ಬೇಕು ಎಂದು ಕಾನೂನು ಸೇವಾ ಸಮಿತಿಗೆ ಕಳಿಸಿ, ವರ್ಷ ಕಳೆದು ಬರಲು ಹೇಳಿದೆ. ಬಂದಳು. ಪಾಲಿಗೆ ಬದಲು ಹಣ ತೆಗೆದುಕೊಳ್ಳುವುದೆಂದು ತಾನೇ ನಿರ್ಧಾರ ಮಾಡಿದ್ದಳು, ಮೊತ್ತವನ್ನೂ ಅವಳೇ ಮಾತಾಡಿದ್ದಳು. ನನಗೆ ಕೇಳಿದ್ದರೆ ಪಾಲೇ ಇಟ್ಟುಕೋ ಎನ್ನುತ್ತಿದ್ದೆ. ಅವಳು ಕೇಳಲಿಲ್ಲ. ಪತ್ರದ ಕರಡು ತಂದು ಮುಂದಿಟ್ಟು, 'ಮೇಡಂ, ಪೂರ್ತಿ ಓದಿ ಹೇಳಿ' ಎಂದಳು. ಓದಿದೆ. ಆಸ್ತಿಯ ವಿವರ ಬರೆದಿರುವ ಷೆಡ್ಯೂಲಿಗೆ ಬಂದಾಗ ಅರ್ಧಕ್ಕೆ ತಡೆದಳು. ಮಾತಿನಲ್ಲಿ ಇಲ್ಲದ ಇನ್ನೊಂದು ಸರ್ವೆ ನಂಬರು ಅದರಲ್ಲಿ ಸೇರಿತ್ತು. ಅಣ್ಣ 'ಟೈಪಿಂಗ್ ಮಿಸ್ಟೇಕು' ಎಂದ. ಪತ್ರ ಬರಹಗಾರರ ಹತ್ತಿರ ಕಳಿಸಿ ತೆಗೆಸಿದಳು. ಹೊಸ ಕರಡನ್ನು ಮತ್ತೆ ಮೊದಲಿಂದ ಓದಿಸಿಕೊಂಡು, ಡಿಡಿ ಕೈಗೆ ಬಂದ ಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೊರಟಳು.